ಸರ್ವಿಸ್ ಜೀಪಿನ ಯೋಜನಾ ತಜ್ಞರಿಗೆ

ಅಣ್ಣಾ,

ಗುತ್ತಿಗಾರು ಪೇಟೆಯಲ್ಲಿ ನಿಮ್ಮನ್ನು ಎಲ್ಲರೂ ಡ್ರೈವರ್ ಎನ್ನುತ್ತಾರೆ. ಸರ್ಕಾರದ ಕನ್ನಡದಲ್ಲಿ ನೀವು 'ಸಾರ್ವಜನಿಕ ಸಾರಿಗೆ ಯೋಜನೆಯಲ್ಲಿ ಖಾಸಗಿ ಸಹಭಾಗಿತ್ವ'. ಬೆಂಗಳೂರಿನಲ್ಲಿ ದಾರಿ, ಬಸ್ಸು, ಮೆಟ್ರೋಗಳಿಗೆಲ್ಲ ಒಟ್ಟಿಗೆ ಯೋಜನೆ ಹಾಕಲೆಂದೇ 2022ರ ಕಾಯ್ದೆಯಡಿ ಮಹಾನಗರ ಭೂಸಾರಿಗೆ ಪ್ರಾಧಿಕಾರವಿದೆ, ಮುಖ್ಯಮಂತ್ರಿಯೇ ಅಧ್ಯಕ್ಷರು. ಇಲ್ಲಿ ಅದೇ ಕೆಲಸವನ್ನು ನೀವು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಾ ಮುಗಿಸುತ್ತೀರಿ. ಅಡಿಕೆ ಸುಲಿಯುವವರು ಎಷ್ಟು ಹೊತ್ತಿಗೆ ಏಳುತ್ತಾರೆ, ಹೈಸ್ಕೂಲು ಯಾವಾಗ ಬಿಡುತ್ತದೆ, ಸುಬ್ರಹ್ಮಣ್ಯದ ಷಷ್ಠಿಗೆ ಯಾವ ಮನೆಯಿಂದ ಎಷ್ಟು ಜನ, ಎಲ್ಲ ಬಾಯಿಪಾಠ. ಕನ್ಸಲ್ಟೆಂಟರ ಖರ್ಚಿಲ್ಲ.

ಕಾನೂನಿಗೆ ಮಾತ್ರ ನೀವು ಬೇರೆ ತರಹ ಕಾಣುತ್ತೀರಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಿಮ್ಮದು ಕಾಂಟ್ರಾಕ್ಟ್ ಕ್ಯಾರೇಜ್. ಮೊದಲೇ ಒಪ್ಪಂದ ಮಾಡಿಕೊಂಡವರನ್ನಷ್ಟೇ ಕರೆದೊಯ್ಯಬೇಕು, ದಾರಿಯಲ್ಲಿ ಬೇರೆಯವರನ್ನು ಹತ್ತಿಸಿ ಇಳಿಸುವಂತಿಲ್ಲ. ಹಾಗಾಗಿ ವಳಲಂಬೆಯ ಅಜ್ಜಿ, ಹಿಂಡಿ ಮೂಟೆಯ ಭಟ್ರು, ಕಮಿಲಕ್ಕೆ ಹೋಗುವ ಕಾಲೇಜು ಹುಡುಗ, ಕಾಲಡಿಯ ಚೀಲದಲ್ಲಿ ಕೊಕ್ಕೊಕ್ಕೋ ಎನ್ನುವ ಕೋಳಿ, ಇಷ್ಟೂ ಸೇರಿ ಒಂದೇ ಒಪ್ಪಂದ. ಅಜ್ಜಿಗೆ ಇದನ್ನು ಹೇಳಬೇಡಿ. ಮುಂದಿನ ಸೀಟನ್ನು ಒಪ್ಪಂದದಲ್ಲೇ ಬರೆಸಿಕೊಂಡಾರು.

ದಾರಿಯುದ್ದಕ್ಕೂ ಹತ್ತಿಸಿ ಇಳಿಸಲು ಸ್ಟೇಜ್ ಕ್ಯಾರೇಜ್ ಪರ್ಮಿಟ್ಟು ಬೇಕು. ಅದೇ ಕಾಯ್ದೆಯ 70ನೇ ಸೆಕ್ಷನ್ ಓದಿದರೆ ನಿಮಗೆ ಖುಷಿಯಾದೀತು: ಯಾವ ದಾರಿ, ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ಪು, ಗರಿಷ್ಠ ಎಷ್ಟು, ಎಷ್ಟು ಹೊತ್ತಿಗೆ ಎಂದು ಅರ್ಜಿದಾರನೇ ಬರೆದುಕೊಡಬೇಕು. ಯೋಜನೆ ಖಾಸಗಿಯವನದ್ದೇ, ಒಪ್ಪುವುದು, ತಿದ್ದುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಸಾರಿಗೆ ವ್ಯವಹಾರದಲ್ಲಿ ದುಡ್ಡಿನ ಸಂಬಂಧ ಇರುವವರು ಆ ಪ್ರಾಧಿಕಾರದ ಸದಸ್ಯರಾಗುವಂತಿಲ್ಲ ಎಂದು 68ನೇ ಸೆಕ್ಷನ್ ಎಚ್ಚರ ವಹಿಸಿದೆ. ಬಸ್ಸಿಗೆ ಕಾದು ಗೊತ್ತಿರುವವರು ಒಬ್ಬರಾದರೂ ಇರಲಿ ಎನ್ನಲು ಮರೆತಿದೆ.

ಹಾಗೆಂದು ಮೇಲ್ವಿಚಾರಣೆಯೇ ಇಲ್ಲ ಎನ್ನಬಾರದು. ಅದು ತಿರುವಿನಲ್ಲಿ ನಿಂತು ಕೈ ಅಡ್ಡ ಹಾಕುತ್ತದೆ, ತಲೆ ಎಣಿಸುತ್ತದೆ, ದಂಡ ಬರೆಯುತ್ತದೆ. ಎಣಿಸಲಿ. ಕಾನೂನಿಗೆ ನಿಮ್ಮ ಜೀಪು ಮ್ಯಾಕ್ಸಿಕ್ಯಾಬ್, ಎಂದರೆ ಡ್ರೈವರ್ ಬಿಟ್ಟು ಹೆಚ್ಚೆಂದರೆ 12 ಜನ. ಬಾಗಿಲಿಗೆ ನೇತಾಡುವವರನ್ನು ನೀವು ಜನರೆಂದೇ ಗಣಿಸುವುದಿಲ್ಲ. ಆದರೆ ಜೀಪಿನೊಳಗಿನವರನ್ನು ಎಣಿಸಿದ ಹಾಗೆ, ಜೀಪು ಹೋದ ಮೇಲೆ ರಸ್ತೆಯಲ್ಲಿ ಉಳಿದವರನ್ನು ಯಾರಾದರೂ ಎಣಿಸುತ್ತಾರೆಯೇ?

ನೀವಂತೂ ಎಣಿಸುವುದಿಲ್ಲ. ನಿಮ್ಮ ವೇಳಾಪಟ್ಟಿಯಲ್ಲಿ ಇರುವುದು ಒಂದೇ ಸಾಲು: ತುಂಬಿದ ಮೇಲೆ. ಆಟಿ ತಿಂಗಳ ಮಳೆಯಲ್ಲಿ ಸಂಜೆ ಏಳಕ್ಕೆ ಇಬ್ಬರೇ ನಿಂತಿದ್ದರೆ 'ಇವತ್ತು ಟ್ರಿಪ್ಪಿಲ್ಲ'. ತುಂಬುವ ದಾರಿ ನಮಗೆ, ತುಂಬದ ದಾರಿ ದೇವರಿಗೆ ಎಂಬ ಈ ಸೂತ್ರ ದೊಡ್ಡ ಕಂಪನಿಗಳಿಗೂ ಗೊತ್ತು. ಅವರು ಅದನ್ನು ಪಿಪಿಪಿ (ಸಾರ್ವಜನಿಕ-ಖಾಸಗಿ ಸಹಭಾಗಿತ್ವ) ಎಂದು ಕರೆದು ಕಡತ ಮಾಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಇನ್ನು ಸರ್ಕಾರಿ ಬಸ್ಸು 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ. ಬಸ್ಸು ಬರುವ ದಾರಿಯವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ಬಾರದ ದಾರಿಯವಳಿಗೆ ನಿಮ್ಮ ಪೂರ್ತಿ ದರ. ತೋಟದಲ್ಲಿ ಇಬ್ಬರಿಗೂ ಕೂಲಿ ಒಂದೇ.

ಇನ್ನೊಂದು ವಿಷಯ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ನಿಗೆ ಉಪವಿಧಿ ಸೇರಿಸಿದೆ: ಗ್ರಾಮೀಣ ಸಾರಿಗೆಗೆಂದು ರಾಜ್ಯ ಸರ್ಕಾರ ಪ್ರತ್ಯೇಕ ಯೋಜನೆ ಮಾಡಿ ಲೈಸೆನ್ಸು ಕೊಡಬಹುದು. ನಮ್ಮ ಊರುಗಳಿಗೆ ಹೊಂದುವ ಅಂಥದೊಂದು ಬಂದ ದಿನವೇ ಅರ್ಜಿ ಹಾಕಿ. ದರಪಟ್ಟಿ ಗಾಜಿಗೆ ಅಂಟಿಸಿ. ಕನಿಷ್ಠ ಟ್ರಿಪ್ಪಿನ ಕಾಲಂನಲ್ಲಿ ಸಂಜೆ ಏಳರದ್ದನ್ನು ಬರೆಯಿರಿ, ಇಬ್ಬರಿದ್ದರೂ ಹೊರಡುವುದೆಂದು. ಆ ಟ್ರಿಪ್ಪಿನ ನಷ್ಟ ಸರ್ಕಾರ ತುಂಬಲಿ. ಹೊರಟಿರೋ ಇಲ್ಲವೋ ಎಂದು ಬರೆದಿಡಲು ಪಂಚಾಯತಿಗೊಂದು ಪುಸ್ತಕ ಕೊಡಲಿ. ಅಂಥ ಮೇಲ್ವಿಚಾರಣೆಯಾದರೆ ನನ್ನ ತಕರಾರಿಲ್ಲ.

ಇತಿ,
ಹಿಂದಿನ ಬಾಗಿಲಲ್ಲಿ ಒಂದು ಕಾಲು ಊರಿ ನಿಂತ,
ನಿಮ್ಮ ಒಪ್ಪಂದದ ಹದಿಮೂರನೆಯವ