ಚೌರಿ ಪುರಾಣ

ಕೂದಲಿದ್ದವಳು ಯಾವ ಕಡೆ ತುರುಬು ಕಟ್ಟಿದರೂ ಚೆಂದ ಅಂತಾರೆ. ಚೌರಿ ಕಟ್ಟುವವಳ ಕಷ್ಟಕ್ಕೆ ಗಾದೆಯೇ ಇಲ್ಲ!

ಆಲ್ದೂರಿನ ಮಳೆಗಾಲದಲ್ಲಿ ಸೋಮವಾರ ತೊಳೆದ ತಲೆ ಬುಧವಾರಕ್ಕೂ ಒಣಗುವುದಿಲ್ಲ. ಕೂದಲು ಬಿಟ್ಟುಕೊಂಡು ತೋಟಕ್ಕಿಳಿದರೆ ಅರ್ಧ ಕಾಫಿ ರೆಂಬೆಯ ಪಾಲು. ಹಾಗಾಗಿ ಇಲ್ಲಿ ಜಡೆ ಬರೀ ಅಲಂಕಾರವಲ್ಲ, ತಲೆಕಾವಲು.

ಮದುವೆ ಬಂತೆಂದರೆ ಮಾತ್ರ ಮೋಟು ಜಡೆಗೆ ಮಾನವಿಲ್ಲ. ಪೆಟ್ಟಿಗೆಯಿಂದ ಚೌರಿ ಹೊರಬರುತ್ತದೆ. ಮೇಲೆ ಒಂದೇ ಗಂಟು, ಕೆಳಗೆ ಮೂರು ಕಾಲು. ಮೊದಲು ಸ್ವಂತ ಕೂದಲನ್ನು ನಾಲ್ಕು ಹೆಣಿಗೆ ಹೆಣೆದು, ಅಲ್ಲಿ ಚೌರಿಯ ದಾರ ಬಿಗಿದು, ಒಂದೊಂದು ಕಾಲಿಗೆ ಒಂದೊಂದು ಕವಲು ಸೇರಿಸಬೇಕು. ಬುಡದಲ್ಲೇ ಬಿಗಿದರೆ ಭಾರಕ್ಕೆ ನೆತ್ತಿ ಎಳೆದು, ಹುಬ್ಬು ಮೇಲೇರಿ, ಊಟದೆಲೆ ಮುಂದೆಯೂ ಆಶ್ಚರ್ಯಪಟ್ಟವರ ಮುಖ!

"ಬೆನ್ನ ಹಿಂದೆ ಒದ್ದಾಡಬೇಡ ಕಣೇ, ಹೆಗಲ ಮೇಲಿಂದ ಮುಂದಕ್ಕೆ ತಗೋ" ಎನ್ನುತ್ತಾರೆ ಚಿಕ್ಕಮ್ಮ. ಮಾತು ಸರಿ. ಆದರೆ ಮುಂದೆ ಹೆಣೆದ ಜಡೆ ಹಿಂದಕ್ಕೆ ಬಿಟ್ಟರೂ ಎಡಕ್ಕೇ ವಾಲುತ್ತದೆ.

ಬಾಚಣಿಗೆಯಲ್ಲಿ ಉಳಿದ ಕೂದಲಿಗೂ ಬೆಲೆಯಿದೆ. ಪಾತ್ರೆ ಕೊಟ್ಟು ಕೂದಲು ಕೊಳ್ಳುವವರು ಊರೂರು ಸುತ್ತುತ್ತಾರೆ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸಿ ರಫ್ತು ಮಾಡುವುದೇ ದೊಡ್ಡ ಉದ್ಯಮ. ನಮಗೆ ಪಾಸ್‌ಪೋರ್ಟ್ ಇಲ್ಲದಿದ್ದರೂ ನಮ್ಮ ಕೂದಲು ಕಡಲು ದಾಟೀತು!

ಮದುವೆಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ತಲೆಗೆ ಯಾವ ಎಣ್ಣೆ ಹಚ್ತೀಯಾ?" ಕೀರ್ತಿಯೆಲ್ಲ ಕೊಬ್ಬರಿ ಎಣ್ಣೆಗೆ. ಚೌರಿ ಪಾಪ, ಬಾಯಿಬಿಡುವ ಜಾತಿಯದಲ್ಲ.