ಕುರ್ಚಿಯ ನಾಲ್ಕನೇ ಕಾಲು: ಒಂದು ಸಂಶೋಧನಾ ಪ್ರಬಂಧ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತಾಲ್ಲೂಕು ನಾಲ್ಕು, ಕುರ್ಚಿಯ ಕಾಲೂ ನಾಲ್ಕು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವ ವಿದ್ವಾಂಸರು ಮಾಡಲ್ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಒಂದು ದಿನವೂ ಕೂತವರಲ್ಲ ಎಂಬುದು ಈ ಪ್ರಬಂಧದ ಮೊದಲ ಪ್ರತಿಪಾದನೆ.

ಪೂರ್ವಪಕ್ಷ: ಮಂಚ ಮೂರು ಬಗೆ ಎಂದು ಪ್ಲೇಟೋ ‘ರಿಪಬ್ಲಿಕ್’ನ ಹತ್ತನೇ ಭಾಗದಲ್ಲಿ ವಾದಿಸಿದ. ದೇವರದ್ದು, ಬಡಗಿಯದ್ದು, ಚಿತ್ರಕಾರನದ್ದು. ಕೊನೆಯದು ಸತ್ಯಕ್ಕೆ ಬಲು ದೂರ. ನವಾರು ಮಂಚದ ಚಿತ್ರ ಬರೆದು ತಂದ ಮೊಮ್ಮಗನಿಗೆ ‘ಇದರ ಮೇಲೆ ಮಲಗೋಕಾಗುತ್ತೇನೋ?’ ಎನ್ನುವ ಅಜ್ಜಂದಿರೆಲ್ಲ ತಮಗೇ ತಿಳಿಯದೆ ಇದೇ ಪಂಥಕ್ಕೆ ಸೇರಿದವರು.

ಖಂಡನೆ: 1888ರಲ್ಲಿ ವ್ಯಾನ್ ಗೋ ಆರ್ಲ್ ಊರಿನ ತನ್ನ ಕುರ್ಚಿಯ ಚಿತ್ರ ಬರೆದ. ಜೊಂಡು ಹೆಣೆದ ಸೀಟು, ಅದರ ಮೇಲೆ ಪೈಪು, ತಂಬಾಕು. ಕೂರಲಾಗದ ಆ ಕುರ್ಚಿಯನ್ನು ನೋಡಲು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಜನ ನಿಂತಿರುತ್ತಾರೆ. 1965ರಲ್ಲಿ ಅಮೆರಿಕದ ಜೋಸೆಫ್ ಕೊಸುತ್ ಒಂದು ಕುರ್ಚಿ, ಅದರ ಫೋಟೊ, ನಿಘಂಟಿನಲ್ಲಿರುವ ಅದರ ಅರ್ಥ, ಮೂರನ್ನೂ ಒಟ್ಟಿಗಿಟ್ಟು ಕಲಾಕೃತಿ ಎಂದ. ಕೊರಟಗೆರೆ ಕಡೆಯ ಮದುವೆ ಮನೆಗಳಲ್ಲಿ ಇಷ್ಟೂ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಗಿಯುತ್ತದೆ. ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದ ಶಾಮಿಯಾನ ಅಂಗಡಿಯ ಹೆಸರು, ಕೆಳಗೆ ಸೀಳಿದ ಹಿಂಗಾಲಿಗೆ ಬಿಗಿದ ಬೈಂಡಿಂಗ್ ವೈರು. ವಸ್ತು, ಪದ, ವಿಮರ್ಶೆ ಎಲ್ಲ ಒಂದೆಡೆ!

ಇನ್ನು ತಾಲ್ಲೂಕುವಾರು ಪರಿಶೀಲನೆ. ಮಧುಗಿರಿಯ ಮಕ್ಕಳಿಗೆ ಬೆಟ್ಟ ಬರೆಯುವುದು ಸಲೀಸು. ಏಕಶಿಲೆಯಾದ್ದರಿಂದ ಒಂದೇ ಗೆರೆ ಸಾಕು. ಶಿರಾ 1687ರಲ್ಲಿ ಮೊಗಲರ ಕೈಸೇರಿ ಸುಬಾದ ಕೇಂದ್ರವಾಯಿತು. ಸುಬೇದಾರರು ಬಂದರು, ಹೋದರು. ಸ್ಥಿರವಸ್ತು ಚಿತ್ರಕ್ಕೆ ಕೂತವರನ್ನು ಬಿಟ್ಟು ಕುರ್ಚಿಯನ್ನೇ ಆರಿಸಬೇಕು ಎಂಬುದಕ್ಕೆ ಬೇರೆ ಆಧಾರ ಬೇಕಿಲ್ಲ.

ತೊಡಕೆಲ್ಲ ಪಾವಗಡದ್ದು.

ನಾಲ್ಕು ಪಾದಗಳನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ಹೊಸಬರ ತಪ್ಪು. ಹಿಂಗಾಲಿನ ಪಾದ ಹಾಳೆಯಲ್ಲಿ ತುಸು ಮೇಲಕ್ಕೆ ಬರಬೇಕು. ಮೂರು ಕಾಲು ಹೇಗೋ ಕೂರುತ್ತವೆ, ನಾಲ್ಕನೆಯದು ಎಲ್ಲೋ ದೂರ ನಿಲ್ಲುತ್ತದೆ. ಭೂಪಟದಲ್ಲೂ ಹಾಗೇ: ಮಧುಗಿರಿಗೂ ಪಾವಗಡಕ್ಕೂ ನಡುವೆ ಆಂಧ್ರದ ನೆಲ ಅಡ್ಡ ಬರುತ್ತದೆ. ಆದರೂ ಇಲಾಖೆಯ ಕುರ್ಚಿ ಉರುಳಿಲ್ಲ.

ಕಾಲು ಸರಿ ಬರದಿದ್ದರೆ ಅದರ ಮುಂದೊಂದು ಬಿಂದಿಗೆ ಬರೆದು ಮರೆಮಾಡುವುದು ವಿದ್ಯಾರ್ಥಿಗಳ ಹಳೇ ಉಪಾಯ. ಪಾವಗಡದಲ್ಲಿ ಅದೂ ನಡೆಯದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಬಿಂದಿಗೆಗಳು ಶುದ್ಧ ನೀರಿನ ಘಟಕದ ಮುಂದೆ ಸರದಿಯಲ್ಲಿರುತ್ತವೆ. ಮಾಡಲ್ಲಾಗಿ ಕೂರಲು ಅವಕ್ಕೆ ಪುರುಸೊತ್ತಿಲ್ಲ. ಆದ್ದರಿಂದ ಆ ತಾಲ್ಲೂಕಿನ ಹುಡುಗರು ನಾಲ್ಕನೇ ಕಾಲನ್ನು ಬರೆದೇ ತೀರಬೇಕೆಂದೂ, ರಬ್ಬರಿನ ಖರ್ಚನ್ನು ಇಲಾಖೆಯೇ ಭರಿಸಬೇಕೆಂದೂ ಪ್ರಬಂಧವು ಶಿಫಾರಸು ಮಾಡುತ್ತದೆ.