ಬೋಳುತಲೆಯ ಮೇಲೊಂದು ಜರಿಗಿಡ

ಬೆಂಡೆಕಾಯಿ ಮೊದಲ ದಿನವೇ ಖಾಲಿ. ಅಡ್ಡಕ್ಕೆ ಕೊಯ್ದು ಬಣ್ಣಕ್ಕದ್ದಿ ಒತ್ತಿದರೆ ಐದೆಸಳಿನ ಹೂವು ಮೂಡುತ್ತದೆಂದು ಮೊಮ್ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಕಾಗದದ ಮೇಲೆ ನಾಲ್ಕು, ಜಗಲಿಯ ಗೋಡೆಯ ಮೇಲೆ ನಲವತ್ತು ಅರಳಿದವು. "ಗೊಜ್ಜಿಗೆ ಅಂತ ಇಟ್ಟಿದ್ನಲ್ರೀ" ಎಂದಳು ಇವಳು. ಗೋಡೆಯ ವಿಚಾರ ಎತ್ತಲಿಲ್ಲ; ಅದನ್ನು ರಾತ್ರಿಗೆ ಇಟ್ಟುಕೊಂಡಿದ್ದಳು.

ಎರಡನೇ ದಿನ ಹಲಸಿನೆಲೆ. ನರ ಉಬ್ಬಿರುವುದು ಬೆನ್ನಿಗೆ, ಬಣ್ಣ ಬಳಿಯಬೇಕಾದ್ದೂ ಅಲ್ಲಿಗೇ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರಾಗಿತ್ತು. 1730ರ ದಶಕದಲ್ಲೇ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ನೋಟಿನ ಮೇಲೆ ಎಲೆಯ ಅಚ್ಚು ಹಾಕುತ್ತಿದ್ದ, ಒಂದೆಲೆಯ ನರ ಇನ್ನೊಂದಕ್ಕಿರುವುದಿಲ್ಲ, ಕಳ್ಳನೋಟಿನವರಿಗೆ ನಕಲು ಕಷ್ಟವಾಯಿತು ಎಂದೆಲ್ಲ ಕೊರೆದೆ. ನಾಲ್ಕು ವರ್ಷದವಳು ಕೈಯಲ್ಲಿದ್ದ ಹಾಳೆ ಮುಂದೆ ಹಿಡಿದು, "ಇದಕ್ಕೆ ಎಷ್ಟು ಐಸ್‌ಕ್ರೀಮ್ ಬರತ್ತೆ ಅಜ್ಜ?" ಎಂದಳು.

ಮೂರನೇ ದಿನ ಬಣ್ಣವೇ ಬೇಡದ ಅಚ್ಚು ತೋರಿಸುತ್ತೇನೆಂದು ಜಂಬ ಕೊಚ್ಚಿದೆ. ಮಲೆನಾಡಿನಲ್ಲಿ ಬೆಳೆದವರಿಗೆ ಗೊತ್ತು: ಬೆನ್ನಿಗೆ ಬಿಳಿ ಹುಡಿ ಮೆತ್ತಿಕೊಂಡ ಜರಿಗಿಡ. ಮುಂಗೈ ಮೇಲಿಟ್ಟು ಫಟ್ ಎಂದು ಹೊಡೆದರೆ ಎಸಳೆಸಳೂ ಬೆಳ್ಳಗೆ ಮೂಡುತ್ತದೆ. ನನ್ನ ಕೈಗೆ ಹೊಡೆಯುತ್ತಿದ್ದವಳು ಅಕ್ಕ. ಅಚ್ಚಿಗಿಂತ ಪೆಟ್ಟಿನ ಮೇಲೇ ಅವಳಿಗೆ ಪ್ರೀತಿ. ಹುಡುಕಿಕೊಂಡು ಹೋದರೆ ರಸ್ತೆ ಅಗಲ ಮಾಡುವವರು ಅದು ಬೆಳೆಯುತ್ತಿದ್ದ ದರೆಯನ್ನೇ ಜೆಸಿಬಿಯಲ್ಲಿ ಕೆರೆದು ಕಾಂಕ್ರೀಟು ಬಳಿದಿದ್ದರು. ಸಿಕ್ಕಿದ್ದು ನಮ್ಮ ಬಚ್ಚಲ ಹಿಂದಿನ ಒಂದೇ ಒಂದು ಬುಡ. ಅಕ್ಕನಿಗೆ ಫೋನು ಮಾಡೋಣವೆನ್ನಿಸಿತು. ಅವಳು ಹೋಗಿ ಮೂರು ವರ್ಷವಾಯಿತು.

ಮುಂಗೈ ಆಯಿತು, ಮೊಣಕಾಲಾಯಿತು. ಆರು ವರ್ಷದವನ ಕಣ್ಣು ನನ್ನ ತಲೆಗೆ ಬಿತ್ತು. ಕಪ್ಪು, ನುಣುಪು, ಬೇಸಿಗೆಯ ಬೆವರು ಬೇರೆ; ಅಚ್ಚಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದೆ. ತಂಪಾಗಿ ಎಲೆ ಕೂತಿತು. ಒಂದು, ಎರಡು ಎಣಿಸಿದರು. ಮೂರಕ್ಕೆ ಕಾದಿದ್ದೆ, ಎರಡೂವರೆಗೇ ಬಿತ್ತು. ನಾಯಿ ಎದ್ದು ಓಡಿತು. "ಸರಿ ಮೂಡಿಲ್ಲ" ಎಂದು ಇನ್ನೊಂದು. ತಂಗಿಯದು ಬಾಕಿ ಎಂದು ಮತ್ತೊಂದು. ಆಮೇಲೆ ಇಬ್ಬರೂ ಹಿಂದೆ ಸರಿದು, ಶಿಲ್ಪಿಗಳ ಹಾಗೆ ತಲೆ ವಾರೆ ಮಾಡಿ ನೋಡಿ, "ಚಂದ ಬಂದಿದೆ, ಅಲ್ಲಾಡಬೇಡ" ಎಂದರು. ನಾನೂ ಅಲ್ಲಾಡಲಿಲ್ಲ ನೋಡಿ! ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತನಾದವನು ಕಾಲು ಗಂಟೆ ಕಲ್ಲಿನ ಹಾಗೆ ಕೂತಿದ್ದೆ.

ಮಧ್ಯಾಹ್ನ ಗೃಹಪ್ರವೇಶದ ಊಟಕ್ಕೆ ಹೊರಡುವಾಗ ತಲೆಯ ಮೇಲಿನದು ಮರೆತೇಹೋಗಿತ್ತು. ಇವಳಿಗೆ ಕಂಡಿರಲೇಬೇಕು, ನಲವತ್ತು ಹೂವಿನ ಸೇಡು. ಪಂಕ್ತಿಯಲ್ಲಿ ಪಕ್ಕದೆಲೆಯ ಹಿರಿಯರು ಪಾಯಸ ಬರುವವರೆಗೂ ತಡೆದುಕೊಂಡಿದ್ದು, ಕಿವಿಯ ಹತ್ತಿರ ಬಂದು, "ಚಿಬ್ಬು ತಲೆಗೂ ಹತ್ತಿದೆಯಲ್ಲೋ ಮಾರಾಯ. ತೋರಿಸಿದೆಯಾ?" ಎಂದರು.

ನಾಚಿಕೆ ಬಿಟ್ಟು ನಡೆದದ್ದು ಹೇಳಿದೆ. ಅವರು ನಗಲಿಲ್ಲ. ಸುತ್ತ ಒಮ್ಮೆ ನೋಡಿ, ತಮ್ಮ ಬೋಳುತಲೆ ಸವರಿಕೊಂಡು, "ನಮ್ಮ ಕಡೆ ದರೆಯೇ ಇಲ್ಲ ಈಗ. ಶನಿವಾರ ಮೊಮ್ಮಗಳು ಬರ್ತಾಳೆ. ಒಂದೆಸಳು ಇಟ್ಟಿರು" ಎಂದರು.